ಶೇಕಡಾ 37 ಮತ ಬಿದ್ದರೆ ಅದು ಗೆಲುವಾ, ಸೋಲಾ?

ಪ್ರಶ್ನೆ: ನಾನು ಕಾಪುವಿನವನು, ಬ್ಯಾಂಕಿನಿಂದ ನಿವೃತ್ತ. ಮಗಳು, ಅಳಿಯ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾರೆ. ಅಳಿಯನಿಗೆ ಅಲ್ಲಿನ ಪೌರತ್ವ ಸಿಕ್ಕಿದ ಮೇಲೆ 2023ರ ಅಕ್ಟೋಬರ್ 8ರಂದು ಬವೇರಿಯಾ ರಾಜ್ಯದ ವಿಧಾನಸಭೆಗೆ ಮೊದಲ ಸಲ ಮತ ಹಾಕಿದ. ಆಳುವ ಪಕ್ಷವೇ ಗೆದ್ದಿತು ಅಂತ ಸುದ್ದಿ ಬಂತು. ನೋಡಿದರೆ ಅದಕ್ಕೆ ಸಿಕ್ಕಿದ್ದು ಶೇಕಡಾ 37. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಈ ಜಗಳ ಈಗಲೂ ಆಗಾಗ ಏಳುತ್ತದೆ. ‘ನೂರರಲ್ಲಿ 63 ಜನ ಬೇಡ ಅಂದ ಮೇಲೆ ಅದು ಸೋಲೇ’ ಅನ್ನುತ್ತಾರೆ ಭಾವ. ನಮ್ಮಲ್ಲಿ ಆಳುವ ಪಕ್ಷ ಮತ್ತೆ ಗೆಲ್ಲುವುದೇ ಅಪರೂಪ, ಅಲ್ಲಿ ಹತ್ತಾರು ವರ್ಷ ಒಂದೇ ಪಕ್ಷ ಹೇಗೆ? ಇನ್ನೊಂದು ಸಂಗತಿ. ಅಳಿಯ ಮತ ಹಾಕಿದ ಅಭ್ಯರ್ಥಿ ಆ ಕ್ಷೇತ್ರದಲ್ಲಿ ಸೋತ. ಅವನ ಮತ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ವಾ?

ಉತ್ತರ: ನಿಮ್ಮ ಭಾವನ ಲೆಕ್ಕ ಸರಿ, ತೀರ್ಮಾನ ಮಾತ್ರ ಸರಿಯಿಲ್ಲ. ಅವರ ಅಳತೆಗೋಲು ಹಿಡಿದರೆ ನಮ್ಮ ಕರ್ನಾಟಕದಲ್ಲೂ ಗೆದ್ದವರು ಅಂತ ಯಾರೂ ಉಳಿಯುವುದಿಲ್ಲ. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ 224ರಲ್ಲಿ 135 ಸೀಟು ಬಾಚಿತು. ಆಗ ಅದಕ್ಕೆ ಬಿದ್ದ ಮತ ಶೇಕಡಾ 43ರ ಹತ್ತಿರ. ಅಂದರೆ ನೂರರಲ್ಲಿ 57 ಜನ ಬೇರೆ ಕಡೆ ಒತ್ತಿದ್ದಾರೆ. ಅದನ್ನು ಸೋಲು ಅಂತ ಯಾರಾದರೂ ಕರೆದರಾ? ಇಲ್ಲ ತಾನೆ.

ಮೊದಲು ಬವೇರಿಯಾದ ಫಲಿತಾಂಶ ಹೇಳಿಬಿಡುತ್ತೇನೆ. ಆಳುತ್ತಿದ್ದದ್ದು ಬಲ ಒಲವಿನ ಸಿಎಸ್‌ಯು ಪಕ್ಷ, ಮುಖ್ಯಮಂತ್ರಿ ಮಾರ್ಕುಸ್ ಸೋಡರ್. ಅವರಿಗೆ ಶೇಕಡಾ 37. ಸರ್ಕಾರದಲ್ಲಿ ಜೊತೆಗಿದ್ದ ‘ಸ್ವತಂತ್ರ ಮತದಾರರು’ ಅನ್ನುವ ಪಕ್ಷಕ್ಕೆ 15.8. ಕಟ್ಟಾ ಬಲಪಂಥದ ಎಎಫ್‌ಡಿಗೆ 14.6, ಹಸಿರು ಪಕ್ಷಕ್ಕೆ 14.4, ಎಡ ಒಲವಿನ ಎಸ್‌ಪಿಡಿಗೆ 8.4. ಒಟ್ಟು 203 ಸೀಟಿನಲ್ಲಿ ಸಿಎಸ್‌ಯುಗೆ 85, ಜೊತೆಗಾರರಿಗೆ 37, ಕೂಡಿದರೆ 122. ಬೇಕಿದ್ದದ್ದು 102. ಹಾಗಾಗಿ ಅದೇ ಮುಖ್ಯಮಂತ್ರಿ, ಅದೇ ಕೂಟ. ಮತದಾನ ಆದದ್ದು ಶೇಕಡಾ 73ರ ಚಿಲ್ಲರೆ. ಅದೇ ವರ್ಷ ಕರ್ನಾಟಕದಲ್ಲೂ ಹೆಚ್ಚುಕಡಿಮೆ ಅಷ್ಟೇ ಆಗಿತ್ತು. ಇದಕ್ಕೆ ಏನೂ ಅರ್ಥ ಇಲ್ಲ, ಕಣ್ಣಿಗೆ ಬಿತ್ತು, ಹೇಳಿದೆ.

ಈಗ ಮಜಾ ಇರುವ ಜಾಗಕ್ಕೆ ಬರೋಣ. ಅದಕ್ಕೂ ಹಿಂದಿನ ಚುನಾವಣೆ, 2018ರಲ್ಲಿ, ಸಿಎಸ್‌ಯುಗೆ 37.2 ಬಿದ್ದಿತ್ತು, 85 ಸೀಟು ಬಂದಿತ್ತು. ಐದು ವರ್ಷ ಬಿಟ್ಟು 37.0, ಆಗಲೂ 85 ಸೀಟು. ಮತ ಹಾಗೇ, ಸೀಟೂ ಹಾಗೇ. ಈಗ ಅದೇ ಎರಡು ವರ್ಷಗಳ ನಮ್ಮ ಲೆಕ್ಕ ತೆಗೆಯಿರಿ. 2018ರಲ್ಲಿ ಬಿಜೆಪಿಗೆ ಶೇಕಡಾ 36ರ ಆಸುಪಾಸು ಬಿತ್ತು, ಸೀಟು 104. 2023ರಲ್ಲೂ 36ರ ಆಸುಪಾಸೇ ಬಿತ್ತು, ಸೀಟು 66! ಮತ ಅಷ್ಟೇ ಇದೆ, ಸೀಟು 38 ಕಡಿಮೆ. ಅವರ ಮತದಾರ ಅವರನ್ನು ಬಿಟ್ಟು ಹೋಗಲಿಲ್ಲ. ಕಡಿಮೆಯಾದದ್ದು ಜೆಡಿಎಸ್ ಮತ. ಅದು 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್ಸಿನ ಮತ ಹೆಚ್ಚುಕಡಿಮೆ ಅಷ್ಟೇ ಏರಿತು. ಇಬ್ಬರು ಪಕ್ಕದ ಮನೆಯವರ ನಡುವಿನ ವ್ಯವಹಾರದಲ್ಲಿ ಮೂರನೆಯವನ ಅಂಗಳ ಕಿರಿದಾದ ಹಾಗೆ.

ಇನ್ನೂ ಒಂದು. 2018ರಲ್ಲಿ ಕಾಂಗ್ರೆಸ್ಸಿಗೆ ಶೇಕಡಾ 38, ಬಿಜೆಪಿಗಿಂತ ಜಾಸ್ತಿ. ಸೀಟು ಮಾತ್ರ 80. ಜಾಸ್ತಿ ಮತ ತೆಗೆದುಕೊಂಡವರಿಗೆ ಕಡಿಮೆ ಸೀಟು. 2008ರಲ್ಲೂ ಹೀಗೇ ಆಗಿತ್ತು. ಕ್ಲಾಸಿನಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದರೆ ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತುತ್ತಿದ್ದರು. ‘ಸಾರ್, ತಪ್ಪು ಬರೆದಿದ್ದೀರಿ’ ಅಂತ.

ತಪ್ಪಲ್ಲ, ನಮ್ಮ ಪದ್ಧತಿ ಹಾಗಿದೆ. ಒಂದೊಂದು ಕ್ಷೇತ್ರವೂ ಬೇರೆ ಬೇರೆ ಕಂಬಳದ ಕರೆ, ಅಂದರೆ ಕೋಣ ಓಡಿಸುವ ಕೆಸರಿನ ಹಾದಿ. ಆ ಕರೆಯಲ್ಲಿ ಯಾರು ಮುಂದೆ ಮುಟ್ಟಿದರೋ ಅವರಿಗೆ ಪದಕ, ಹಿಂದೆ ಬಂದವರಿಗೆ ಏನೂ ಇಲ್ಲ. ಅರ್ಧ ಸೆಕೆಂಡು ಹಿಂದೆ ಇದ್ದರೂ ಇಲ್ಲ. ಎಲ್ಲ ಕರೆಗಳ ಸಮಯ ಕೂಡಿಸಿ ಯಾರೂ ನೋಡುವುದಿಲ್ಲ. 2023ರಲ್ಲಿ ಪುತ್ತೂರಿನಲ್ಲಿ ಏನಾಯ್ತು ನೆನಪಿದೆಯಲ್ಲ? ಬಿಜೆಪಿಯ ಅಭ್ಯರ್ಥಿ ಒಬ್ಬರು, ಬಂಡಾಯ ನಿಂತ ಅರುಣ್ ಪುತ್ತಿಲ ಇನ್ನೊಬ್ಬರು. ಮತ ಒಡೆಯಿತು. ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ ನಾಲ್ಕು ಸಾವಿರ ಚಿಲ್ಲರೆ ಮತದಲ್ಲಿ ದಾಟಿದರು. ಎರಡನೆಯವರು ಪುತ್ತಿಲ, ಪಕ್ಷದ ಅಧಿಕೃತ ಅಭ್ಯರ್ಥಿ ಮೂರನೆಯ ಜಾಗಕ್ಕೆ. ಆ ಇಬ್ಬರ ಮತ ಕೂಡಿದರೆ ಗೆದ್ದವರಿಗಿಂತ ಎಷ್ಟೋ ಜಾಸ್ತಿ. ಆದರೆ ಕೂಡಿಸುವ ನಿಯಮ ಇಲ್ಲವಲ್ಲ.

ಬವೇರಿಯಾದಲ್ಲಿ ಕೂಡಿಸುವ ನಿಯಮ ಇದೆ. ಇದು ಅರ್ಥ ಆಗಬೇಕಾದರೆ ಮತಪತ್ರದಿಂದ ಶುರು ಮಾಡಬೇಕು. ಅಲ್ಲಿ ಇನ್ನೂ ಕಾಗದವೇ, ಮೆಷಿನ್ ಇಲ್ಲ. ವಿಧಾನಸಭೆಗೆ ಎರಡು ಕಾಗದ ಕೊಡುತ್ತಾರೆ. ಒಂದು ಚಿಕ್ಕದು, ಅದರಲ್ಲಿ ಕ್ಷೇತ್ರದ ಅಭ್ಯರ್ಥಿಗಳ ಹೆಸರು, ನಮ್ಮದರ ಹಾಗೇ. ಇನ್ನೊಂದು ದೊಡ್ಡದು. ದೊಡ್ಡದು ಅಂದರೆ ಬೂತಿನೊಳಗೆ ಬಿಡಿಸಿ ಹಿಡಿಯಲು ಎರಡೂ ಕೈ ಬೇಕು, ದಿನಪತ್ರಿಕೆ ಹರಡಿದ ಹಾಗೆ. ಅದರಲ್ಲಿ ಆ ಪ್ರಾಂತ್ಯಕ್ಕೆ ಪ್ರತಿ ಪಕ್ಷ ನಿಲ್ಲಿಸಿದವರ ಉದ್ದುದ್ದ ಪಟ್ಟಿ ಅಕ್ಕಪಕ್ಕ ಇರುತ್ತದೆ. ಆ ಪಟ್ಟಿಯಿಂದ ಒಬ್ಬರ ಹೆಸರಿಗೆ ಗುರುತು ಹಾಕಬೇಕು. ಅದೇ ದಿನ ಜಿಲ್ಲಾ ಪಂಚಾಯತಿನ ಹಾಗಿರುವ ಪ್ರಾಂತೀಯ ಮಂಡಳಿಗೂ ಮತದಾನ, ಅದಕ್ಕೆ ಮತ್ತೆ ಎರಡು ಕಾಗದ. ಒಟ್ಟು ನಾಲ್ಕು. ಮಗಳ ಹತ್ತಿರ ಮಾದರಿ ಮತಪತ್ರದ ಚಿತ್ರ ಕೇಳಿ ನೋಡಿ, ನಗು ಬರುತ್ತದೆ.

ನನಗೆ 1989 ನೆನಪಾಗುತ್ತದೆ. ಆ ವರ್ಷ ಕರ್ನಾಟಕದಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೆ ಚುನಾವಣೆ. ನನಗೆ ಹೆಬ್ರಿ ಕಡೆಯ ಒಂದು ಶಾಲೆಯಲ್ಲಿ ಡ್ಯೂಟಿ. ಬಿಳಿ ಕಾಗದ ದೆಹಲಿಗೆ, ಗುಲಾಬಿ ಕಾಗದ ಬೆಂಗಳೂರಿಗೆ ಅಂತ ನೂರು ಸಲ ಹೇಳಿ ಗಂಟಲು ಒಣಗಿತ್ತು. ಮುದ್ರೆ ಒತ್ತಿದ ಮೇಲೆ ಮೊದಲು ಉದ್ದಕ್ಕೆ ಮಡಚಬೇಕು, ಆಮೇಲೆ ಅಡ್ಡಕ್ಕೆ. ಇಲ್ಲದಿದ್ದರೆ ಹಸಿ ಶಾಯಿ ಇನ್ನೊಬ್ಬ ಅಭ್ಯರ್ಥಿಯ ಚಿಹ್ನೆಗೆ ತಾಗಿ ಎಣಿಕೆಯ ದಿನ ತಕರಾರು. ಒಬ್ಬರು ಅಜ್ಜಿ ಎರಡೂ ಕಾಗದ ಕೈಯಲ್ಲಿ ಹಿಡಿದು, ‘ಒಂದು ಸಾಲದಾ ಮಾರಾಯಾ, ಇಬ್ಬರೂ ಅವರೇ ಅಲ್ವಾ?’ ಅಂದರು. ನಾಲ್ಕು ಕೊಟ್ಟಿದ್ದರೆ ನನ್ನ ತಲೆಗೇ ಹೊಡೆಯುತ್ತಿದ್ದರೋ ಏನೋ.

ಇರಲಿ. ಬವೇರಿಯಾದಲ್ಲಿ ಆ ಎರಡೂ ಕಾಗದದ ಮತ ಕೂಡಿಸುತ್ತಾರೆ. ಕೂಡಿಸಿದ ಮೊತ್ತದಲ್ಲಿ ಯಾವ ಪಕ್ಷದ ಪಾಲು ಎಷ್ಟೋ, ಸದನದಲ್ಲೂ ಹೆಚ್ಚುಕಡಿಮೆ ಅಷ್ಟೇ ಪಾಲು. ಕ್ಷೇತ್ರಗಳು 91. ಅಲ್ಲಿ ಮುಂದೆ ಬಂದವರು ನೇರವಾಗಿ ಒಳಗೆ. ಉಳಿದ ಸೀಟು ಪಟ್ಟಿಯಿಂದ ತುಂಬುತ್ತಾರೆ, ಯಾರಿಗೆ ಪಾಲು ಕಡಿಮೆ ಬಿದ್ದಿದೆಯೋ ಅವರಿಗೆ. ನಿಯಮದ ಪ್ರಕಾರ ಸದನದ ಅಳತೆ 180. ಆದರೆ 2023ರಲ್ಲಿ 203 ಆಯ್ತು ಅಂದೆನಲ್ಲ, ಆ 23 ಎಲ್ಲಿಂದ ಬಂತು?

ಇಲ್ಲಿ ಸ್ವಲ್ಪ ನಿಧಾನ ಓದಿ. 91 ಕ್ಷೇತ್ರಗಳಲ್ಲಿ ಸಿಎಸ್‌ಯು ಗೆದ್ದದ್ದು 85. ಹಸಿರು ಪಕ್ಷ 4, ಸ್ವತಂತ್ರ ಮತದಾರರು 2. ಬೇರೆ ಯಾರೂ ಇಲ್ಲ. ಅಂದರೆ ಅಲ್ಲೂ ಕ್ಷೇತ್ರದ ಓಟ ನಮ್ಮದೇ ಥರ, 37 ಇದ್ದವರು ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಕ್ಷೇತ್ರ ಬಾಚಿಕೊಂಡರು. ಆದರೆ ಪಾಲಿನ ಲೆಕ್ಕದಲ್ಲಿ, ಒಂದು ಸೀಟೂ ಸಿಗದ ಸಣ್ಣ ಪಕ್ಷಗಳ ಮತ ಬಿಟ್ಟು, 180ಕ್ಕೆ ಅವರಿಗೆ ಬರಬೇಕಾದದ್ದು ಸುಮಾರು 74. ಗೆದ್ದು ಬಂದವರನ್ನು ಮನೆಗೆ ಕಳಿಸುವ ಹಾಗಿಲ್ಲ. ಹಾಗಾಗಿ ಅವರನ್ನು ಇಟ್ಟುಕೊಂಡು, ಉಳಿದ ಪಕ್ಷಗಳಿಗೆ ಪಾಲು ಸರಿಹೊಂದುವವರೆಗೆ ಸೀಟು ಹೆಚ್ಚಿಸುತ್ತಾ ಹೋಗುತ್ತಾರೆ. ಊಟಕ್ಕೆ ಕೂತ ಪಂಕ್ತಿಯಲ್ಲಿ ಒಬ್ಬರ ಎಲೆಗೆ ಹೋಳಿಗೆ ಜಾಸ್ತಿ ಬಿತ್ತು ಅಂತಿಟ್ಟುಕೊಳ್ಳಿ. ತೆಗೆಯಲಾಗದು, ಎಂಜಲು. ಉಳಿದವರ ಎಲೆಗೂ ಇನ್ನೊಂದೊಂದು ಬಡಿಸುತ್ತಾರೆ. ಹೆಚ್ಚಿಗೆ ಬಂದ 23 ಸೀಟು ಅಂದರೆ ಆ ಹೋಳಿಗೆ.

ನಮ್ಮ ನಿಯಮ ಅಲ್ಲಿ ಇದ್ದಿದ್ದರೆ? ಶೇಕಡಾ 37ಕ್ಕೆ 91ರಲ್ಲಿ 85. ಎಎಫ್‌ಡಿಗೂ ಎಸ್‌ಪಿಡಿಗೂ ಸೊನ್ನೆ. ಟಿವಿಯಲ್ಲಿ ‘ಕ್ಲೀನ್ ಸ್ವೀಪ್’ ಅಂತ ಕೂಗಾಟ. ಆಗ ನಿಮ್ಮ ಭಾವ ಅದನ್ನು ಸೋಲು ಅನ್ನುತ್ತಿರಲಿಲ್ಲ, ಪಂದ್ಯ ಕಟ್ಟಿ ಹೇಳುತ್ತೇನೆ.

ಇದನ್ನು ನಮ್ಮ ಕರಾವಳಿಗೆ ಹಿಡಿದು ನೋಡಿದರೆ ನನಗೆ ಪ್ರತಿ ಸಲ ಕಸಿವಿಸಿಯಾಗುತ್ತದೆ. 2013ರಲ್ಲಿ ದಕ್ಷಿಣ ಕನ್ನಡದ 8ರಲ್ಲಿ 7 ಕಾಂಗ್ರೆಸ್ಸಿಗೆ, ಸುಳ್ಯ ಒಂದು ಬಿಜೆಪಿಗೆ. 2018ರಲ್ಲಿ 7 ಬಿಜೆಪಿಗೆ, ಮಂಗಳೂರು (ಉಳ್ಳಾಲ) ಒಂದು ಕಾಂಗ್ರೆಸ್ಸಿಗೆ. ಐದೇ ವರ್ಷದಲ್ಲಿ ಜಿಲ್ಲೆಯ ಜನರೆಲ್ಲ ತಿರುಗಿ ಕೂತರಾ? ಅದೇ ಜನ, ಅದೇ ಮೀನು ಮಾರ್ಕೆಟ್, ಅದೇ ಬಸ್ಸು. ಮತ ಒಂದಿಷ್ಟು ಆಚೀಚೆ ಆಯ್ತು, ಸೀಟು ಮಗುಚಿ ಬಿತ್ತು. ಉಡುಪಿ ಜಿಲ್ಲೆಯ ಐದಕ್ಕೆ ಐದೂ 2018ರಲ್ಲೂ 2023ರಲ್ಲೂ ಬಿಜೆಪಿಗೆ ಹೋದವು. ‘ಉಡುಪಿ ಪೂರ್ತಿ ಬಿಜೆಪಿ’ ಅಂತ ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತವರು ಸಲೀಸಾಗಿ ಹೇಳಿಬಿಡುತ್ತಾರೆ. ಕಾರ್ಕಳದಲ್ಲಿ 2023ರ ಅಂತರ ಐದು ಸಾವಿರವನ್ನೂ ಮುಟ್ಟಲಿಲ್ಲ. ಉಡುಪಿಯ ಬ್ರಹ್ಮಗಿರಿಯ ಶಾಲೆಯಲ್ಲಿ ಎಣಿಕೆಯ ಸುತ್ತು ಸುತ್ತಿಗೂ ಹೊರಗೆ ನಿಂತವರ ಮುಖ ಹೇಗೆ ಬದಲಾಗುತ್ತಿತ್ತು ಅಂತ ಅಲ್ಲಿದ್ದವರನ್ನು ಕೇಳಿ. ಸೋತವರಿಗೆ ಬಿದ್ದ ಮತದ ಗುರುತು ಉಡುಪಿಯ ನಕ್ಷೆಯಲ್ಲಿ ಎಲ್ಲೂ ಕಾಣುವುದಿಲ್ಲ. ಬವೇರಿಯಾದ ಪದ್ಧತಿಯಲ್ಲಿ ಕಾಣುತ್ತಿತ್ತು.

ಅಂತ ಅವರದ್ದೇ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಅಲ್ಲಿಯದೂ ಕೆಲವು ಕಡೆ ತೀರಾ ಬಿಗಿ. ರಾಜ್ಯ ಪೂರ್ತಿ ಲೆಕ್ಕದಲ್ಲಿ ಶೇಕಡಾ 5 ದಾಟದ ಪಕ್ಷಕ್ಕೆ ಒಂದು ಸೀಟೂ ಇಲ್ಲ. ಅದರ ಅಭ್ಯರ್ಥಿ ತನ್ನ ಕ್ಷೇತ್ರದಲ್ಲಿ ಎಲ್ಲರಿಗಿಂತ ಮುಂದೆ ಬಂದಿದ್ದರೂ ಬವೇರಿಯಾದಲ್ಲಿ ಒಳಗೆ ಬಿಡುವುದಿಲ್ಲ. ನಮ್ಮ ಕುಂದಾಪುರವನ್ನು ತೆಗೆದುಕೊಳ್ಳಿ. ಹಾಲಾಡಿ ಶ್ರೀನಿವಾಸ ಶೆಟ್ಟರು 2013ರಲ್ಲಿ ಪಕ್ಷ ಬಿಟ್ಟು ಪಕ್ಷೇತರರಾಗಿ ನಿಂತು ಗೆದ್ದರು. ಬವೇರಿಯಾದಲ್ಲಾಗಿದ್ದರೆ ಗೆದ್ದೂ ಹಾಲಾಡಿಗೆ ವಾಪಸ್ ಬರಬೇಕಿತ್ತು. ಕುಂದಾಪುರದವರು ಇದನ್ನು ಒಪ್ಪುತ್ತಿದ್ದರಾ? ನನಗಂತೂ ಧೈರ್ಯ ಇಲ್ಲ, ಅಲ್ಲಿ ಹೋಗಿ ಇದನ್ನು ವಿವರಿಸಲು.

ಈಗ ಭಾವನ ಮಾತಿಗೆ ಮತ್ತೆ ಬರುತ್ತೇನೆ, ಯಾಕಂದರೆ ಅದರಲ್ಲಿ ಒಂದು ಸತ್ಯ ಇದೆ. 37 ಅನ್ನುವುದು ಸಿಎಸ್‌ಯು ಪಾಲಿಗೆ 1950ರ ನಂತರದ ಅತಿ ಕೆಟ್ಟ ಅಂಕ. ಎಡ್ಮುಂಡ್ ಸ್ಟಾಯ್ಬರ್ ಮುಖ್ಯಮಂತ್ರಿಯಾಗಿದ್ದ 2003ರಲ್ಲಿ ಇದೇ ಪಕ್ಷ ಶೇಕಡಾ 60 ದಾಟಿತ್ತು. 180ರಲ್ಲಿ 124 ಸೀಟು, ಮೂರನೇ ಎರಡಕ್ಕಿಂತ ಜಾಸ್ತಿ. ಆ ಎತ್ತರದಿಂದ ನೋಡಿದರೆ 37 ಅಂದರೆ ಅಟ್ಟದಿಂದ ಜಗಲಿಗೆ ಇಳಿದ ಹಾಗೆ. ಆದರೂ ಸರ್ಕಾರ ಅವರದ್ದೇ. ಅದು ಹೇಗೆ ಅಂದರೆ, ಇಂಥ ಪದ್ಧತಿಯಲ್ಲಿ ಗೆಲುವನ್ನು ತೀರ್ಮಾನಿಸುವುದು ನಿಮ್ಮ ಅಂಕ ಮಾತ್ರ ಅಲ್ಲ, ಉಳಿದವರು ನಿಮ್ಮನ್ನು ಹೊರಗಿಟ್ಟು ಒಂದಾಗಬಲ್ಲರಾ ಅನ್ನುವುದು.

1954ರಲ್ಲಿ ಆದರು. ಆಗ ಸಿಎಸ್‌ಯುಗೆ ಸುಮಾರು 38 ಇತ್ತು, ಈಗಿನದಕ್ಕಿಂತ ಒಂದಂಶ ಜಾಸ್ತಿಯೇ. ಸದನದಲ್ಲಿ ಅತಿ ದೊಡ್ಡ ಪಕ್ಷ. ಆದರೆ ಉಳಿದ ನಾಲ್ಕು ಪಕ್ಷಗಳು ಸೇರಿ, ಎಸ್‌ಪಿಡಿಯ ವಿಲ್ಹೆಲ್ಮ್ ಹೋಗ್ನರ್ ಅವರನ್ನು ಮುಖ್ಯಮಂತ್ರಿ ಮಾಡಿದವು. ಅತಿ ದೊಡ್ಡ ಪಕ್ಷ ವಿರೋಧ ಪಕ್ಷದ ಸಾಲಿನಲ್ಲಿ ಕೂತಿತು. ಆ ಕೂಟ 1957ರಲ್ಲಿ ಒಡೆಯಿತು. ಅಂದಿನಿಂದ ಇಂದಿನವರೆಗೆ ಸಿಎಸ್‌ಯು ಅಧಿಕಾರ ಬಿಟ್ಟು ಇಳಿದಿಲ್ಲ. 2023ರಲ್ಲಿ ಉಳಿದವರು ಒಂದಾಗುವ ಪ್ರಶ್ನೆಯೇ ಇರಲಿಲ್ಲ. ಎಎಫ್‌ಡಿ ಜೊತೆ ಕೂರಲು ಯಾವ ಪಕ್ಷವೂ ತಯಾರಿಲ್ಲ. ಅವರನ್ನು ಬಿಟ್ಟು ಲೆಕ್ಕ ಹಾಕಿದರೆ ಸಿಎಸ್‌ಯು ಇಲ್ಲದೆ 102 ಮುಟ್ಟುವುದಿಲ್ಲ. ಹಸಿರು ಪಕ್ಷದ ಜೊತೆ ಹೋಗುವುದಿಲ್ಲ ಅಂತ ಸೋಡರ್ ಮೊದಲೇ ಸಾರಿದ್ದರು. ಉಳಿದದ್ದು ಹಳೆಯ ಜೊತೆಗಾರ.

ಆ ಜೊತೆಗಾರನ ಕಥೆಯೂ ಸಣ್ಣದಲ್ಲ. ಸ್ವತಂತ್ರ ಮತದಾರರ ನಾಯಕ ಹ್ಯೂಬರ್ಟ್ ಐವಾಂಗರ್, ಉಪಮುಖ್ಯಮಂತ್ರಿ. ಚುನಾವಣೆಗೆ ಆರು ವಾರ ಇರುವಾಗ ಅವರ ಶಾಲಾದಿನಗಳ ಒಂದು ಯಹೂದಿದ್ವೇಷದ ಕರಪತ್ರದ ಸುದ್ದಿ ಪತ್ರಿಕೆಯಲ್ಲಿ ಬಂತು. ಬರೆದದ್ದು ನಾನು ಅಂತ ಅವರ ಅಣ್ಣ ಮುಂದೆ ಬಂದರು. ಸೋಡರ್ 25 ಪ್ರಶ್ನೆ ಕೊಟ್ಟು ಉತ್ತರ ಬರೆಸಿಕೊಂಡು, ಕುರ್ಚಿಯಲ್ಲಿ ಉಳಿಸಿಕೊಂಡರು. ಫಲಿತಾಂಶದಲ್ಲಿ ಆ ಪಕ್ಷದ ಮತ 11.6ರಿಂದ 15.8ಕ್ಕೆ ಏರಿತು. ಹಗರಣ ಹೊರಬಂದರೆ ಮತ ಇಳಿಯಲೇಬೇಕು ಅನ್ನುವವರು ಇದನ್ನೊಮ್ಮೆ ನೋಡಬೇಕು.

ನಮ್ಮಲ್ಲೂ 2018ರಲ್ಲಿ 1954 ಆಯ್ತು. 104 ಸೀಟಿನ ಅತಿ ದೊಡ್ಡ ಪಕ್ಷ, ಎದುರಿಗೆ ಕಾಂಗ್ರೆಸ್ ಮತ್ತು 37 ಸೀಟಿನ ಜೆಡಿಎಸ್ ಒಂದಾದವು. ಒಂದು ದೊಡ್ಡ ವ್ಯತ್ಯಾಸ ಇದೆ. ಬವೇರಿಯಾದಲ್ಲಿ ರಾಜ್ಯಪಾಲರಿಲ್ಲ. ಹೊಸ ಸದನ ಸೇರಿದ ಒಂದು ವಾರದೊಳಗೆ ಶಾಸಕರೇ ಮುಖ್ಯಮಂತ್ರಿಯನ್ನು ಮತ ಹಾಕಿ ಆರಿಸಬೇಕು ಅಂತ ಅಲ್ಲಿನ ಸಂವಿಧಾನದಲ್ಲೇ ಬರೆದಿದೆ. ಯಾರನ್ನು ಮೊದಲು ಕರೆಯಬೇಕು ಅನ್ನುವ ಗೊಂದಲವೇ ಇಲ್ಲ. ನಮ್ಮಲ್ಲಿ ರಾಜ್ಯಪಾಲರು ಯಡಿಯೂರಪ್ಪನವರನ್ನು ಕರೆದು 15 ದಿನ ಕೊಟ್ಟರು. ಸುಪ್ರೀಂ ಕೋರ್ಟು ಅದನ್ನು ಕಡಿತ ಮಾಡಿತು. ಮೇ 17ಕ್ಕೆ ಪ್ರಮಾಣ, 19ಕ್ಕೆ ರಾಜೀನಾಮೆ, 23ಕ್ಕೆ ಕುಮಾರಸ್ವಾಮಿಯವರ ಪ್ರಮಾಣ. ಮುಂದಿನ ವರ್ಷ ಜುಲೈಯಲ್ಲಿ ಅದೂ ಬಿತ್ತು, 99ಕ್ಕೆ 105. ನಡುವೆ ರೆಸಾರ್ಟುಗಳವರಿಗೆ ಒಳ್ಳೆಯ ವ್ಯಾಪಾರ.

ಅಲ್ಲಿ ಒಂದೇ ಪಕ್ಷ ಇಷ್ಟು ಕಾಲ ಹೇಗೆ ಅಂತ ಕೇಳಿದಿರಿ. ಸಿಎಸ್‌ಯು ಬವೇರಿಯಾದಲ್ಲಿ ಬಿಟ್ಟು ಬೇರೆಲ್ಲೂ ನಿಲ್ಲುವುದಿಲ್ಲ. ಅದರ ಅಕ್ಕನ ಹಾಗಿರುವ ಸಿಡಿಯು ಉಳಿದ ಜರ್ಮನಿಯಲ್ಲೆಲ್ಲ ನಿಲ್ಲುತ್ತದೆ, ಬವೇರಿಯಾಕ್ಕೆ ಕಾಲಿಡುವುದಿಲ್ಲ. ಹಾಗಾಗಿ ಸಿಎಸ್‌ಯು ಪ್ರಾದೇಶಿಕ ಪಕ್ಷದ ಅಭಿಮಾನವನ್ನೂ ತೆಗೆದುಕೊಳ್ಳುತ್ತದೆ, ಬರ್ಲಿನ್‌ನಲ್ಲಿ ರಾಷ್ಟ್ರೀಯ ಪಕ್ಷದ ತೂಕವನ್ನೂ. 2023ರಲ್ಲಿ ಬರ್ಲಿನ್‌ನಲ್ಲಿದ್ದದ್ದು ಎಸ್‌ಪಿಡಿ, ಹಸಿರು, ಉದಾರವಾದಿ ಎಫ್‌ಡಿಪಿ ಮೂರರ ಸರ್ಕಾರ, ಜನರಿಗೆ ಅದರ ಮೇಲೆ ಸಿಟ್ಟು. ಮನೆ ಬಿಸಿ ಮಾಡುವ ಬಾಯ್ಲರಿನ ಕಾನೂನಿಗೆ ಬವೇರಿಯಾದ ಹಳ್ಳಿಗಳಲ್ಲಿ ಭಾರೀ ವಿರೋಧ. ಬಿಯರ್ ಡೇರೆಗಳಲ್ಲಿ ನಿಂತು ಬರ್ಲಿನ್ ಬೈಯುವುದು ಆಳುವ ಪಕ್ಷಕ್ಕೆ ಸುಲಭದ ಕೆಲಸ ಆಯ್ತು. ಆಳುವವರೇ ವಿರೋಧ ಪಕ್ಷದ ಭಾಷಣ ಮಾಡುವ ಯೋಗ ಎಲ್ಲರಿಗೂ ಸಿಗುವುದಿಲ್ಲ. ಜೊತೆಗೆ, ಯುದ್ಧದ ನಂತರ ಹೊಲಗದ್ದೆಯ ಬಡ ರಾಜ್ಯವಾಗಿದ್ದದ್ದು ಬಿಎಂಡಬ್ಲ್ಯು, ಆಡಿ, ಸೀಮೆನ್ಸ್‌ಗಳ ರಾಜ್ಯ ಆಯ್ತು. ಅದರ ಹೆಸರು ಆಳಿದವರಿಗೇ ಬಂತು.

ಕರ್ನಾಟಕದಲ್ಲಿ ಆಳುವ ಪಕ್ಷ ಮತ್ತೆ ಗೆದ್ದು ಬಂದದ್ದು ಕೊನೆಯ ಸಲ 1985ರಲ್ಲಿ. ಅದೂ ಎಂಥ ಗೆಲುವು ಅಂತೀರಿ. 1984ರ ಡಿಸೆಂಬರಿನ ಲೋಕಸಭೆ ಚುನಾವಣೆಯಲ್ಲಿ ಇಲ್ಲಿನ 28ರಲ್ಲಿ 24 ಕಾಂಗ್ರೆಸ್ಸಿಗೆ ಹೋದವು, ಆಳುತ್ತಿದ್ದ ಜನತಾ ಪಕ್ಷಕ್ಕೆ 4. ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆಗೆ ಚುನಾವಣೆ ಬೇಡಿದರು. ಮಾರ್ಚಿನಲ್ಲಿ ಅದೇ ಮತದಾರರು ಅವರಿಗೆ 139 ಸೀಟು ಕೊಟ್ಟರು. ಮೂರು ತಿಂಗಳೂ ಆಗಿರಲಿಲ್ಲ. ದೆಹಲಿಗೆ ಯಾರು, ಬೆಂಗಳೂರಿಗೆ ಯಾರು ಅಂತ ಜನ ಬೇರೆ ಬೇರೆ ತೂಗಿ ನೋಡಿದ್ದರು. ಹೆಬ್ರಿಯ ಆ ಅಜ್ಜಿಗೆ ‘ಇಬ್ಬರೂ ಅವರೇ’ ಆಗಿದ್ದಿರಬಹುದು, ರಾಜ್ಯಕ್ಕೆ ಹಾಗಿರಲಿಲ್ಲ. ಅದಾದ ಮೇಲೆ ಇಲ್ಲಿ ಯಾರೂ ಎರಡನೇ ಸಲ ಕುರ್ಚಿ ಉಳಿಸಿಕೊಂಡಿಲ್ಲ. ನಮ್ಮ ಪದ್ಧತಿಯಲ್ಲಿ ಎರಡು ಮೂರು ಶೇಕಡಾ ಜಾರಿದರೆ ಸೀಟು ಹತ್ತಾರು ಜಾರುತ್ತವೆ. ಸೋಡರ್ ತರಹ ಜಗಲಿಯಲ್ಲಿ ನಿಲ್ಲಲು ಇಲ್ಲಿ ಜಗಲಿಯೇ ಇಲ್ಲ, ಸೀದಾ ಅಂಗಳಕ್ಕೆ.

ಕೊನೆಗೆ ಅಳಿಯನ ಮತ. ಅವರು ಕ್ಷೇತ್ರದಲ್ಲಿ ಸೋತವರಿಗೆ ಹಾಕಿದ್ದರೂ ಆ ಮತ ಸತ್ತಿಲ್ಲ. ಚಿಕ್ಕ ಕಾಗದದ ಮತವನ್ನೂ ಪಕ್ಷದ ಮೊತ್ತಕ್ಕೆ ಕೂಡಿಸುತ್ತಾರೆ ಅಂದೆನಲ್ಲ, ಜರ್ಮನಿಯ ರಾಷ್ಟ್ರೀಯ ಚುನಾವಣೆಯಲ್ಲಿ ಹಾಗಿಲ್ಲ, ಬವೇರಿಯಾದಲ್ಲಿ ಹಾಗೆ. ಆ ಪಕ್ಷಕ್ಕೆ ಪಟ್ಟಿಯಿಂದ ಬಂದ ಸೀಟುಗಳಲ್ಲಿ ಅವರ ಮತದ ಪಾಲೂ ಇದೆ. ಯಾವ ಪಕ್ಷ ಅಂತ ನೀವು ಬರೆದಿಲ್ಲ, ಅಳಿಯನ ಹತ್ತಿರ ಅದನ್ನೆಲ್ಲ ಕೇಳುವುದೂ ಚೆನ್ನಾಗಿರುವುದಿಲ್ಲ. ಎಫ್‌ಡಿಪಿಯಂಥ, ಶೇಕಡಾ 5 ದಾಟದ ಪಕ್ಷಕ್ಕೆ ಹಾಕಿದ್ದರೆ ಮಾತ್ರ ನಿಮ್ಮ ಹುಣಸೆಹಣ್ಣಿನ ಮಾತು ನಿಜ. ಎಫ್‌ಡಿಪಿಗೆ ಬಿದ್ದದ್ದು ಶೇಕಡಾ 3.